ಮೂರನೆಯ ಸಾಕ್ಷಿ: ವೀಸಾ ಕಚೇರಿಯ ಎದುರು ನಿಂತ ದಾಂಪತ್ಯ

ಪೀಟರ್ ವೀರ್ ಬರೆದು ನಿರ್ದೇಶಿಸಿದ 'ಗ್ರೀನ್ ಕಾರ್ಡ್' (1990) ಚಿತ್ರದ ಕೊನೆಯ ಭಾಗದಲ್ಲಿ ಗಂಡ ಹೆಂಡತಿಯರನ್ನು ಬೇರೆ ಬೇರೆಯಾಗಿ ಕೂರಿಸಿ ವಲಸೆ ಇಲಾಖೆಯ ಅಧಿಕಾರಿಗಳು ಪ್ರಶ್ನಿಸುತ್ತಾರೆ. ನಿನ್ನ ಹೆಂಡತಿ ಮುಖಕ್ಕೆ ಹಚ್ಚುವ ಕ್ರೀಮಿನ ಹೆಸರೇನು ಎಂಬ ಮಾತು ಬರುತ್ತದೆ. ಗಂಡ ಅದನ್ನು ಬಾಯಿಪಾಠ ಮಾಡಿಕೊಂಡೇ ಬಂದಿದ್ದಾನೆ. ಆದರೆ ಆ ಕ್ಷಣಕ್ಕೆ ನೆನಪು ಕೈಕೊಡುತ್ತದೆ. ಇದೊಂದು ಮಾತ್ರ ತನಗೆ ಯಾವಾಗಲೂ ಮರೆತುಹೋಗುತ್ತದೆ ಎಂದು ಬಾಯಿತಪ್ಪಿ ಅಂದುಬಿಡುತ್ತಾನೆ. ಪಾಠ ಒಪ್ಪಿಸಲು ಬಂದವನು ಎಂಬುದು ಬಯಲಾಗುತ್ತದೆ, ಮದುವೆ ಬಿದ್ದುಹೋಗುತ್ತದೆ.

ಚಿತ್ರ ನೋಡುವಾಗ ನಾವೂ ನಕ್ಕೆವು. ನಕ್ಕ ಮೇಲೆ ಒಂದು ಪ್ರಶ್ನೆ ಉಳಿಯಿತು. ನಮ್ಮಲ್ಲಿ ಮೂವತ್ತು ವರ್ಷ ಸಂಸಾರ ಮಾಡಿ, ಮಕ್ಕಳ ಮದುವೆಯನ್ನೂ ಮುಗಿಸಿದ ಗಂಡಂದಿರಲ್ಲಿ ಎಷ್ಟು ಮಂದಿ ಈ ಪ್ರಶ್ನೆಗೆ ಉತ್ತರ ಕೊಡಬಲ್ಲರು? ಹೆಂಡತಿಯ ಹುಟ್ಟಿದ ದಿನವೇ ಗೊತ್ತಿಲ್ಲದವರು ನಮ್ಮ ಮನೆಗಳಲ್ಲಿ ಬೇಕಾದಷ್ಟು ಜನರಿದ್ದಾರೆ. ಅದು ಹೆಮ್ಮೆಯ ವಿಷಯವೇನಲ್ಲ. ಆದರೆ ಅಷ್ಟರಿಂದ ಅವರ ದಾಂಪತ್ಯ ಸುಳ್ಳಾಗುತ್ತದೆಯೇ? ಇತ್ತ, ಒಂದು ವಾರಾಂತ್ಯ ಕೂತು ಕ್ರೀಮಿನ ಹೆಸರು, ಹಲ್ಲುಜ್ಜುವ ಬ್ರಶ್ಶಿನ ಬಣ್ಣ, ಅತ್ತೆಯ ಊರು ಎಲ್ಲವನ್ನೂ ಉರುಹೊಡೆದವನ ದಾಂಪತ್ಯ ನಿಜವಾಗುತ್ತದೆಯೇ?

ಇಂದು ಕರ್ನಾಟಕದ ಯಾವ ಊರಿಗೆ ಹೋದರೂ ಮದುವೆಯಾಗಿ ವೀಸಾಕ್ಕೆ ಕಾಯುತ್ತಿರುವ ಒಬ್ಬ ಹೆಣ್ಣುಮಗಳೋ, ಒಬ್ಬ ಹುಡುಗನೋ ಸಿಗುತ್ತಾರೆ. ಬೆಂಗಳೂರಿನ ಬಡಾವಣೆಗಳಲ್ಲಿ ಮಾತ್ರವಲ್ಲ, ಹಾಸನ, ಶಿವಮೊಗ್ಗ, ಮಂಗಳೂರು, ಕಲಬುರಗಿಯಲ್ಲೂ. ಆದ್ದರಿಂದ ಈ ವಿಷಯವನ್ನು ಕುರಿತು ಲೋಕದ ಸಿನಿಮಾ ಏನು ಹೇಳಿದೆ, ಹೇಳದೆ ಬಿಟ್ಟದ್ದೇನು ಎಂದು ನೋಡುವುದು ಬರಿಯ ಸಿನಿಮಾ ಹವ್ಯಾಸದ ಮಾತಲ್ಲ. ಮೂರು ಚಿತ್ರಗಳನ್ನು ಒಟ್ಟಿಗೆ ಇಟ್ಟುಕೊಂಡು, ಅವುಗಳ ಹಿಂದಿರುವ ಕಾನೂನುಗಳನ್ನು ಪಕ್ಕದಲ್ಲಿಟ್ಟುಕೊಂಡು ನಾವು ಇಲ್ಲಿ ಆ ಕೆಲಸಕ್ಕೆ ಕೈಹಾಕಿದ್ದೇವೆ.

'ಗ್ರೀನ್ ಕಾರ್ಡ್' ಕಥೆ ಸರಳವಾದದ್ದು. ಬ್ರಾಂಟೆ ಎಂಬ ನ್ಯೂಯಾರ್ಕಿನ ತರುಣಿಗೆ ಗಿಡಗಳೆಂದರೆ ಪ್ರಾಣ. ಗಾಜಿನ ಸಸ್ಯಾಗಾರವಿರುವ ಒಂದು ಮನೆ ಅವಳ ಕಣ್ಣಿಗೆ ಬಿದ್ದಿದೆ. ಆದರೆ ಅದನ್ನು ಮದುವೆಯಾದವರಿಗೆ ಮಾತ್ರ ಕೊಡುತ್ತಾರೆ. ಜಾರ್ಜ್ ಎಂಬ ಫ್ರೆಂಚಿನವನಿಗೆ ಅಮೆರಿಕದಲ್ಲಿ ಉಳಿಯಲು ಕಾಗದ ಬೇಕು. ಇಬ್ಬರೂ ಕಾಗದದ ಮೇಲೆ ಮದುವೆಯಾಗಿ, ಅಂದೇ ತಮ್ಮ ತಮ್ಮ ದಾರಿ ಹಿಡಿಯುತ್ತಾರೆ. ಅಧಿಕಾರಿಗಳು ವಿಚಾರಣೆಗೆ ಬಂದಾಗ ಒಂದೇ ಮನೆಯಲ್ಲಿ ಇರಬೇಕಾಗುತ್ತದೆ, ಹಳೆಯ ದಿನಗಳದೆಂಬಂತೆ ಫೋಟೋಗಳನ್ನು ತೆಗೆದು ಆಲ್ಬಂ ಕಟ್ಟಬೇಕಾಗುತ್ತದೆ. ಈ ನಾಟಕ ಕಟ್ಟುತ್ತಾ ಕಟ್ಟುತ್ತಾ ಅವರಲ್ಲಿ ನಿಜವಾದ ಪ್ರೀತಿ ಹುಟ್ಟುತ್ತದೆ. ಆದರೆ ಅಷ್ಟರಲ್ಲಿ ಗುಟ್ಟು ರಟ್ಟಾಗಿ ಜಾರ್ಜ್ ದೇಶ ಬಿಡಬೇಕಾಗುತ್ತದೆ. ಝೆರಾರ್ ದಪಾರ್ದ್ಯೂ ಮತ್ತು ಆಂಡಿ ಮೆಕ್‌ಡವೆಲ್ ಇಬ್ಬರ ನಟನೆಯಲ್ಲೂ ಲವಲವಿಕೆಯಿದೆ. ಮದುವೆಯ ಆಲ್ಬಮ್ಮನ್ನು ಸುಳ್ಳುಸುಳ್ಳೇ ಕಟ್ಟುವ ದೃಶ್ಯವಂತೂ ಬಹಳ ಕಾಲ ನೆನಪಿನಲ್ಲಿ ಉಳಿಯುವಂಥದ್ದು.

ಆನ್ ಫ್ಲೆಚರ್ ನಿರ್ದೇಶನದ 'ದಿ ಪ್ರಪೋಸಲ್' (2009) ಇದೇ ಬೀಜದಿಂದ ಹುಟ್ಟಿದ ಇನ್ನೊಂದು ಗಿಡ. ಇಲ್ಲಿ ವಲಸೆ ಬಂದವಳು ಕೆನಡಾದವಳು, ಪ್ರಕಾಶನ ಸಂಸ್ಥೆಯೊಂದರ ಗಟ್ಟಿಗಿತ್ತಿ ಸಂಪಾದಕಿ. ವೀಸಾ ಕೈತಪ್ಪುವ ಹೊತ್ತಿಗೆ ತನ್ನ ಸಹಾಯಕನನ್ನೇ ಮದುವೆಯಾಗುತ್ತೇನೆಂದು ಘೋಷಿಸಿಬಿಡುತ್ತಾಳೆ. ಸುಳ್ಳು ಮದುವೆಗೆ ಐದು ವರ್ಷ ಸೆರೆ, ಎರಡೂವರೆ ಲಕ್ಷ ಡಾಲರ್ ದಂಡ ಎಂದು ಅಧಿಕಾರಿ ಬೆದರಿಸುತ್ತಾನೆ. ಈ ಅಂಕಿ ಸಿನಿಮಾದವರು ಕಟ್ಟಿದ್ದಲ್ಲ, ಅಮೆರಿಕದ ಕಾನೂನು ನಿಗದಿ ಮಾಡಿರುವ ಗರಿಷ್ಠ ಶಿಕ್ಷೆಯೇ ಅದು. ಅಲಾಸ್ಕದಲ್ಲಿರುವ ಹುಡುಗನ ಮನೆಗೆ ಹೋದಾಗ, ಅಜ್ಜಿಯ ಅಕ್ಕರೆಯ ನಡುವೆ, ಈ ಸುಳ್ಳು ಜೋಡಿಯೂ ನಿಜದ ಜೋಡಿಯಾಗುತ್ತದೆ.

ಎರಡೂ ಚಿತ್ರಗಳಿಗೆ ಒಂದೇ ಅಚ್ಚು. ಮೊದಲು ಮೋಸ, ಆಮೇಲೆ ಒಲವು. ಕೊನೆಗೆ ಒಲವು ಮೋಸವನ್ನು ತೊಳೆದುಬಿಡುತ್ತದೆ. ಪ್ರೇಕ್ಷಕನಿಗೆ ಇದರಿಂದ ಸಂತೋಷವಾಗುತ್ತದೆ, ಆಗಬೇಕಾದದ್ದೇ. ಆದರೆ ಈ ಸಂತೋಷದ ಜೊತೆಗೆ ಇನ್ನೊಂದು ಸರಕೂ ನಮ್ಮ ಮನೆ ಸೇರುತ್ತದೆ. ಎರಡು ಚಿತ್ರಗಳಲ್ಲೂ ಅಧಿಕಾರಿಯ ಅನುಮಾನ ಸರಿಯಾದದ್ದೇ ಆಗಿತ್ತು! ಅವನು ಹುಡುಕಿದ್ದು ಅಲ್ಲಿ ಇತ್ತು. ವಿದೇಶಿಯೊಬ್ಬ ಮದುವೆಯಾದನೆಂದರೆ ಒಳಗೆ ಏನೋ ಇದೆ ಎಂಬ ನೋಟವನ್ನು ನಾವು ನಗುನಗುತ್ತಾ ಕಲಿತುಬಿಡುತ್ತೇವೆ. ಇನ್ನೊಂದು ಸಂಗತಿಯೂ ಇದೆ. ಒಬ್ಬ ಫ್ರಾನ್ಸಿನವನು, ಒಬ್ಬಳು ಕೆನಡಾದವಳು. ಇವರ ಸುಳ್ಳನ್ನು ನಾವು ತುಂಟತನವೆಂದು ಕ್ಷಮಿಸುತ್ತೇವೆ. ಜಾರ್ಜ್‌ನ ಜಾಗದಲ್ಲಿ ಢಾಕಾದ, ಲಾಹೋರಿನ, ಹೈದರಾಬಾದಿನ ಒಬ್ಬ ಯುವಕನಿದ್ದಿದ್ದರೆ ಅದೇ ಕಥೆ ಹಾಸ್ಯಚಿತ್ರವಾಗುತ್ತಿತ್ತೇ? ಅಪರಾಧ ಚಿತ್ರವಾಗುತ್ತಿತ್ತು ಎಂದು ನಮಗೆ ಅನಿಸುತ್ತದೆ.

ಸುಳ್ಳು ದಂಪತಿ ನಿಜವಾಗುವುದು ಈ ಚಿತ್ರಗಳ ಕಥೆ. ನಿಜ ದಂಪತಿ ಸುಳ್ಳಿನಂತೆ ಕಾಣಿಸಿಕೊಳ್ಳಬೇಕಾಗಿ ಬರುವುದು ಹೊರಗಿನ ಬದುಕಿನ ಕಥೆ. ಈ ಎರಡನೆಯದನ್ನು ಹೇಳುವವರು ಕಡಿಮೆ.

'ಗ್ರೀನ್ ಕಾರ್ಡ್' ತೆರೆಗೆ ಬರುವ ನಾಲ್ಕು ವರ್ಷ ಮೊದಲು, 1986ರಲ್ಲಿ, ಅಮೆರಿಕದ ಸಂಸತ್ತು ಮದುವೆಯ ಮೂಲಕ ನಡೆಯುವ ವಲಸೆ ವಂಚನೆಯನ್ನು ತಡೆಯಲೆಂದು ಒಂದು ತಿದ್ದುಪಡಿ ಕಾನೂನು ತಂದಿತು. ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ ಸಂಗಾತಿಗೆ ವಾಸದ ಹಕ್ಕು ಸಿಕ್ಕಿದರೆ ಅದು ಷರತ್ತಿಗೆ ಒಳಪಟ್ಟ ಹಕ್ಕು. ಆ ಹಕ್ಕಿಗೆ ಎರಡು ವರ್ಷ ತುಂಬುವ ಮುನ್ನ ಗಂಡ ಹೆಂಡತಿ ಇಬ್ಬರೂ ಸೇರಿ ಮತ್ತೆ ಅರ್ಜಿ ಹಾಕಿ, ನಮ್ಮ ದಾಂಪತ್ಯ ಇನ್ನೂ ಜೀವಂತವಾಗಿದೆ ಎಂದು ತೋರಿಸಬೇಕು. ಈ ಕಾನೂನಿಗೆ ಆಧಾರವಾಗಿ ಬಳಕೆಯಾದದ್ದು ಒಂದು ಅಂಕಿ. ಇಂಥ ಅರ್ಜಿಗಳಲ್ಲಿ ನೂರಕ್ಕೆ 30ರಷ್ಟು ಸಂಶಯಾಸ್ಪದ ಎಂದು ವಲಸೆ ಇಲಾಖೆಯ ಮುಖ್ಯಸ್ಥರು 1985ರಲ್ಲಿ ಸೆನೆಟ್ ಉಪಸಮಿತಿಯ ಮುಂದೆ ಹೇಳಿದ್ದರು. ಆ ಸಮೀಕ್ಷೆಯ ಕ್ರಮವೇ ದೋಷಪೂರಿತ, ಅದು ಅಧಿಕಾರಿಗಳ ಅನುಮಾನವನ್ನು ಎಣಿಸಿತ್ತೇ ಹೊರತು ಸಾಬೀತಾದ ವಂಚನೆಯನ್ನಲ್ಲ ಎಂಬುದು ಆಮೇಲೆ ಹೊರಬಿತ್ತು. ಅಂಕಿ ಬಿದ್ದುಹೋಯಿತು, ಕಾನೂನು ಉಳಿಯಿತು.

ಈ ದಾರಿಯಲ್ಲಿ ನಡೆಯುವ ದಂಪತಿಗಳು ಏನೇನು ಕೂಡಿಸಬೇಕೆಂದು ಒಮ್ಮೆ ನೋಡೋಣ. ಅಮೆರಿಕದ ಪ್ರಜೆಯಾದ ಗಂಡ ಅಥವಾ ಹೆಂಡತಿ ಮೊದಲು ಐ-130 ಎಂಬ ಅರ್ಜಿ ಹಾಕಬೇಕು. ಅದರ ಜೊತೆ ಮದುವೆಯ ಪ್ರಮಾಣಪತ್ರ, ಜಂಟಿ ಬ್ಯಾಂಕ್ ಖಾತೆ, ಬಾಡಿಗೆ ಕರಾರು, ಹಣ ಕಳಿಸಿದ ರಸೀದಿ, ವಿಮಾನದ ಟಿಕೆಟ್, ಫೋನ್ ಕರೆಗಳ ಪಟ್ಟಿ, ಫೋಟೋಗಳು. ಅರ್ಜಿ ಒಪ್ಪಿಗೆಯಾದ ಮೇಲೆ ಜೀವನಾಧಾರದ ಜಾಮೀನು ಪತ್ರ. ಸಾಮಾನ್ಯವಾಗಿ ಅಲ್ಲಿನ ಬಡತನದ ಮಟ್ಟಕ್ಕಿಂತ ಕಾಲುಪಾಲು ಹೆಚ್ಚು ಆದಾಯ ತೋರಿಸಬೇಕು. ಆಮೇಲೆ ಪೊಲೀಸ್ ಪ್ರಮಾಣಪತ್ರ, ವೈದ್ಯಕೀಯ ತಪಾಸಣೆ, ಕೊನೆಗೆ ದೂತಾವಾಸದಲ್ಲಿ ಸಂದರ್ಶನ. ಇಷ್ಟೆಲ್ಲ ಮುಗಿಯುವಷ್ಟರಲ್ಲಿ ಹೊಸ ದಾಂಪತ್ಯದ ಬಹುಭಾಗ ಫೋನಿನಲ್ಲೇ ಕಳೆದಿರುತ್ತದೆ. ಆ ಫೋನಿನ ಮಾತಿನಲ್ಲೂ ಅರ್ಧ ಅರ್ಜಿಯದೇ ಮಾತು: ಆ ಕಾಗದ ಸಿಕ್ಕಿತೇ, ಈ ಸಹಿ ಆಯಿತೇ, ಹೆಸರಿನ ಅಕ್ಷರ ಸರಿಯಿದೆಯೇ. 'ಗ್ರೀನ್ ಕಾರ್ಡ್'ನ ಜೋಡಿ ಸುಳ್ಳು ಆಲ್ಬಂ ಕಟ್ಟಿದ್ದನ್ನು ನೋಡಿ ನಕ್ಕ ನಾವು, ನಿಜದ ದಂಪತಿಗಳೂ ಅಧಿಕಾರಿಗೆ ತೋರಿಸಲೆಂದೇ ಫೋಟೋ ತೆಗೆಸಿಕೊಳ್ಳುವುದನ್ನು ನೋಡುತ್ತಿದ್ದೇವೆ. ನಗು ಬರುವುದಿಲ್ಲ.

ಸಂದೇಹ ಬಂದರೆ ಗಂಡ ಹೆಂಡತಿಯರನ್ನು ಬೇರೆ ಬೇರೆಯಾಗಿ ಪ್ರಶ್ನಿಸುವ ಕ್ರಮಕ್ಕೆ ಅಲ್ಲಿ 'ಸ್ಟೋಕ್ಸ್ ಸಂದರ್ಶನ' ಎಂಬ ಹೆಸರಿದೆ. ಈ ಹೆಸರು ಬಂದದ್ದು 1970ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಒಂದು ಮೊಕದ್ದಮೆಯಿಂದ. ಇಲಾಖೆಯ ಮನಬಂದ ವಿಚಾರಣೆಯ ವಿರುದ್ಧ ದಂಪತಿಗಳು ಹೂಡಿದ ಮೊಕದ್ದಮೆ ಅದು. ವಕೀಲರನ್ನು ಕರೆತರುವಂಥ ಕೆಲವು ರಕ್ಷಣೆಗಳು ಅದರಿಂದಲೇ ದೊರೆತವು. ರಕ್ಷಣೆ ಕೇಳಿ ಹೋದವರ ಹೆಸರು ಇಂದು ಭಯದ ಹೆಸರಾಗಿ ಉಳಿದಿದೆ.

ನಮ್ಮ ಕಡೆಯ ಮದುವೆಗಳಿಗೆ ಇಲ್ಲಿ ಒಂದು ವಿಶೇಷ ತೊಡಕು ಇದೆ. ಹಿರಿಯರು ನೋಡಿ ಮಾಡಿದ ಮದುವೆಯಲ್ಲಿ ಮದುವೆಗೆ ಮೊದಲಿನ ಒಡನಾಟದ ಕಥೆ ಇರುವುದೇ ಇಲ್ಲ. ಸಮುದ್ರ ತೀರದ ಫೋಟೋ, ಪ್ರೇಮಪತ್ರ, ಉಂಗುರ ತೊಡಿಸಿದ ಸಂಜೆ ಇವು ಯಾವುವೂ ಇಲ್ಲ. ಎರಡು ಮನೆಯವರು ಒಮ್ಮೆ ಕೂತು ಮಾತಾಡಿರುತ್ತಾರೆ. ಹುಡುಗ ಹುಡುಗಿ ಅರ್ಧ ಗಂಟೆ ಎದುರುಬದುರು ಕೂತಿರುತ್ತಾರೆ. ಎಷ್ಟೋ ಮುಸ್ಲಿಮ್ ಮನೆಗಳಲ್ಲಿ ಹೆಂಗಸರ ಫೋಟೋ ತೆಗೆಯುವುದಕ್ಕೆ ಈಗಲೂ ಸಂಕೋಚವಿದೆ. ಕೊಲ್ಲಿ ದೇಶದಲ್ಲಿರುವ ಹುಡುಗನಿಗೆ ರಜೆ ಸಿಗದೆ ಫೋನಿನಲ್ಲೇ ನಿಕಾಹ್ ನಡೆದದ್ದುಂಟು. ಹೀಗೆ ಇಬ್ಬರೂ ಒಂದೇ ಕಡೆ ಹಾಜರಿಲ್ಲದೆ ನಡೆದ ಮದುವೆಯನ್ನು ಅಮೆರಿಕದ ವಲಸೆ ಕಾನೂನು, ಆಮೇಲೆ ಅವರು ದೈಹಿಕವಾಗಿ ಕೂಡಿದ ಹೊರತು, ಒಪ್ಪುವುದಿಲ್ಲ. ಹಿರಿಯರು ಮಾಡಿದ ಮದುವೆಯನ್ನು ಆ ಕಾನೂನು ನಿರಾಕರಿಸುವುದಿಲ್ಲ ಎಂಬುದನ್ನೂ ಹೇಳಬೇಕು. ಆದರೆ ಪುರಾವೆಯ ಪಟ್ಟಿ ಸಿದ್ಧವಾಗಿರುವುದು ಪ್ರೇಮಿಸಿ, ಒಟ್ಟಿಗೆ ತಿರುಗಾಡಿ, ಆಮೇಲೆ ಮದುವೆಯಾಗುವವರ ಅಳತೆಗೆ. ಆ ಅಂಗಿಯನ್ನು ನಮ್ಮ ಹುಡುಗಿ ತೊಟ್ಟುಕೊಂಡು ಸಂದರ್ಶನಕ್ಕೆ ಹೋಗಬೇಕು.

ಬ್ರಿಟನ್ನಿನ ಇತಿಹಾಸ ಇದಕ್ಕಿಂತ ಕಹಿಯಾದದ್ದು. 1979ರಲ್ಲಿ ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದಲ್ಲಿ, ಮದುವೆಯಾಗಲೆಂದು ಬಂದಿಳಿದ ಒಬ್ಬ ಭಾರತೀಯ ಶಿಕ್ಷಕಿಯನ್ನು ಕನ್ಯತ್ವ ಪರೀಕ್ಷೆಗೆ ಒಳಪಡಿಸಿದರು. ಮದುವೆಯಾಗಲು ಬರುವವಳಿಗೆ ಆಗ ಮುಂಗಡ ವೀಸಾ ಬೇಕಿರಲಿಲ್ಲ, ಮದುವೆಯಾದ ಹೆಂಡತಿಗೆ ಬೇಕಿತ್ತು. ಆಕೆ ಈಗಾಗಲೇ ಮದುವೆಯಾದವಳಿರಬಹುದು ಎಂಬುದು ಅಧಿಕಾರಿಗಳ ಸಂಶಯ. ಆ ಸಂಶಯವನ್ನು ತೀರಿಸಿಕೊಳ್ಳಲು ಅವರು ಹಿಡಿದ ದಾರಿ ಆಕೆಯ ದೇಹ. ಸುದ್ದಿ ಪತ್ರಿಕೆಯಲ್ಲಿ ಬಂದು ಗದ್ದಲವಾದ ಮೇಲೆ ಈ ಪರೀಕ್ಷೆ ನಿಂತಿತು. ಇದು ಒಂದೇ ಒಂದು ಘಟನೆಯಲ್ಲ, ನಮ್ಮ ಉಪಖಂಡದ ಬ್ರಿಟಿಷ್ ಕಚೇರಿಗಳಲ್ಲಿ ಕಡಿಮೆಯೆಂದರೂ 80 ಹೆಂಗಸರನ್ನು ಹೀಗೆ ಪರೀಕ್ಷಿಸಲಾಗಿತ್ತು ಎಂಬುದು 2011ರಲ್ಲಿ ಹಳೆಯ ಸರ್ಕಾರಿ ಕಡತಗಳಿಂದ ತಿಳಿದುಬಂತು.

ಪರೀಕ್ಷೆ ನಿಂತರೂ ಅನುಮಾನ ನಿಲ್ಲಲಿಲ್ಲ. 1980ರಿಂದ ಅಲ್ಲಿ 'ಮುಖ್ಯ ಉದ್ದೇಶ'ದ ನಿಯಮ ಎಂಬುದೊಂದು ಜಾರಿಗೆ ಬಂತು. ಬ್ರಿಟನ್ನಿಗೆ ಬರುವುದೇ ಈ ಮದುವೆಯ ಮುಖ್ಯ ಉದ್ದೇಶವಲ್ಲ ಎಂದು ಅರ್ಜಿದಾರನೇ ಸಾಬೀತು ಮಾಡಬೇಕಿತ್ತು. ಇಲ್ಲದಿರುವುದನ್ನು ಇಲ್ಲವೆಂದು ಸಾಧಿಸುವುದು ಹೇಗೆ? ಮದುವೆ ನಿಜವಾದದ್ದೇ ಎಂದು ಒಪ್ಪಿಕೊಂಡ ಮೇಲೂ, ಉದ್ದೇಶ ಸರಿಯಿಲ್ಲವೆಂದು ವೀಸಾ ನಿರಾಕರಿಸುವ ಅವಕಾಶ ಆ ನಿಯಮದಲ್ಲಿತ್ತು. ಅದರ ಪೆಟ್ಟು ಹೆಚ್ಚಾಗಿ ಬಿದ್ದದ್ದು ಭಾರತ, ಪಾಕಿಸ್ತಾನ, ಬಾಂಗ್ಲಾದೇಶಗಳಿಂದ ಹೊರಟ ಗಂಡಂದಿರ ಮೇಲೆ. ನಿಮ್ಮ ಪದ್ಧತಿಯಲ್ಲಿ ಹೆಣ್ಣು ಗಂಡನ ಮನೆಗೆ ಹೋಗಬೇಕಲ್ಲವೇ, ನೀನೇಕೆ ಹೆಣ್ಣಿನ ದೇಶಕ್ಕೆ ಬರುತ್ತಿದ್ದೀ ಎಂದು ನಮ್ಮ ಸಂಪ್ರದಾಯವನ್ನೇ ನಮ್ಮ ವಿರುದ್ಧ ಸಾಕ್ಷಿಗೆ ನಿಲ್ಲಿಸುತ್ತಿದ್ದರು. 1997ರಲ್ಲಿ ಲೇಬರ್ ಸರ್ಕಾರ ಬಂದು ಈ ನಿಯಮವನ್ನು ತೆಗೆದುಹಾಕಿತು. 2012ರಲ್ಲಿ ಇನ್ನೊಂದು ಸರ್ಕಾರ ಬೇರೆ ಬಾಗಿಲು ಮುಚ್ಚಿತು. ಸಂಗಾತಿಯನ್ನು ಕರೆಸಿಕೊಳ್ಳುವವರಿಗೆ ವರ್ಷಕ್ಕೆ 18,600 ಪೌಂಡ್ ಆದಾಯವಿರಬೇಕು ಎಂದಿತು. 2024ರ ಏಪ್ರಿಲ್‌ನಲ್ಲಿ ಆ ಮಿತಿ 29,000ಕ್ಕೆ ಏರಿತು. ಅಂಗಡಿಯಲ್ಲಿ, ವೃದ್ಧರ ಆರೈಕೆ ಮನೆಯಲ್ಲಿ ದುಡಿಯುವ ಒಬ್ಬ ಬ್ರಿಟಿಷ್ ಪ್ರಜೆಗೆ ಪ್ರೀತಿಸುವ ಹಕ್ಕಿದೆ, ಆದರೆ ಪ್ರೀತಿಸಿದವರ ಜೊತೆ ತನ್ನದೇ ದೇಶದಲ್ಲಿ ಬಾಳುವಷ್ಟು ಸಂಬಳವಿಲ್ಲ. ಹೀಗೆ ದೇಹದ ಪರೀಕ್ಷೆ ಉದ್ದೇಶದ ಪರೀಕ್ಷೆಯಾಯಿತು, ಉದ್ದೇಶದ ಪರೀಕ್ಷೆ ಜೇಬಿನ ಪರೀಕ್ಷೆಯಾಯಿತು.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಮೂರನೆಯ ಚಿತ್ರಕ್ಕೆ ಬರೋಣ. 2022ರಲ್ಲಿ ಸ್ಪೇನಿನಿಂದ ಬಂದ 'ಅಪಾನ್ ಎಂಟ್ರಿ' ಎಂಬ ಚಿಕ್ಕ ಚಿತ್ರ. ನಿರ್ದೇಶಕರು ಅಲೆಹಾಂದ್ರೊ ರೋಹಾಸ್ ಮತ್ತು ಹುವಾನ್ ಸೆಬಾಸ್ಟಿಯನ್ ವಾಸ್ಕೆಸ್, ಇಬ್ಬರೂ ವೆನೆಜುವೆಲಾ ಮೂಲದವರು. ಚಿತ್ರ ಒಂದೂವರೆ ಗಂಟೆಯೂ ಇಲ್ಲ, ಮುಕ್ಕಾಲುಪಾಲು ವಿಮಾನ ನಿಲ್ದಾಣದ ಕೋಣೆಗಳಲ್ಲೇ ನಡೆಯುತ್ತದೆ. ಬಾರ್ಸಿಲೋನಾದ ಎಲೆನಾ ನರ್ತಕಿ. ಅವಳ ಸಂಗಾತಿ ಡಿಯೇಗೊ ವೆನೆಜುವೆಲಾದವನು. ಎಲೆನಾಗೆ ಅಮೆರಿಕದ ವೀಸಾ ಲಾಟರಿಯಲ್ಲಿ ಅದೃಷ್ಟ ಖುಲಾಯಿಸಿದೆ. ಕಾಗದಗಳೆಲ್ಲ ಸರಿಯಾಗಿವೆ. ಆದರೂ ಇಳಿದ ಕೂಡಲೇ ಅವರನ್ನು ಪಕ್ಕಕ್ಕೆ ಕರೆದು, ಒಳಕೋಣೆಗೆ ಕೂರಿಸುತ್ತಾರೆ. ಹೊರಗೆ ಕಟ್ಟಡದ ದುರಸ್ತಿಯ ಸದ್ದು, ಒಳಗೆ ಪ್ರಶ್ನೆಗಳು. ಮೊದಲು ಕೆಲಸದ ಬಗ್ಗೆ, ಆಮೇಲೆ ಕುಟುಂಬದ ಬಗ್ಗೆ, ಆಮೇಲೆ ಮಲಗುವ ಕೋಣೆಯ ಬಗ್ಗೆ. ಡಿಯೇಗೊ ಹಿಂದೆ ಒಬ್ಬ ಅಮೆರಿಕನ್ ಹೆಂಗಸನ್ನು ಮದುವೆಯಾಗಲು ಹೊರಟಿದ್ದ ಸಂಗತಿ ಆ ಕೋಣೆಯಲ್ಲಿ ಹೊರಬೀಳುತ್ತದೆ. ಎಲೆನಾಗೆ ಅದು ಗೊತ್ತೇ ಇರಲಿಲ್ಲ.

ಈ ಚಿತ್ರದ ದೊಡ್ಡತನ ಇರುವುದು ಇಲ್ಲಿ. ಡಿಯೇಗೊ ಎಲೆನಾಳನ್ನು ಪ್ರೀತಿಸುತ್ತಾನೋ, ವೀಸಾಕ್ಕೆ ಬಳಸಿಕೊಂಡನೋ ಎಂಬುದಕ್ಕೆ ನಿರ್ದೇಶಕರು ಉತ್ತರ ಕೊಡುವುದಿಲ್ಲ. ಬಹುಶಃ ಎರಡೂ ನಿಜ. ಕುಸಿಯುತ್ತಿರುವ ದೇಶದಿಂದ ಬಂದವನಿಗೆ ಒಲವೂ ಬೇಕು, ನೆಲೆಯೂ ಬೇಕು. ಎರಡನ್ನೂ ಒಬ್ಬರಲ್ಲೇ ಕಂಡುಕೊಂಡರೆ ಅದು ಮೋಸವೇ? ಒಳ್ಳೆಯ ಕೆಲಸದ ಹುಡುಗ, ಸ್ವಂತ ಮನೆ, ಪೇಟೆಯ ವಾಸ ಎಂದು ನೋಡಿ ಮಗಳನ್ನು ಕೊಡುವ ನಾವು ಯಾರೂ ಅದನ್ನು ಮೋಸವೆನ್ನುವುದಿಲ್ಲ. ಲೋಕದ ಎಲ್ಲ ಮದುವೆಗಳಲ್ಲೂ ಪ್ರೀತಿಯೊಡನೆ ಬದುಕಿನ ಲೆಕ್ಕಾಚಾರವೂ ಬೆರೆತೇ ಇರುತ್ತದೆ. ಗಡಿ ದಾಟುವವರು ಮಾತ್ರ ಬರಿಯ ಪ್ರೀತಿಯನ್ನು ತೋರಿಸಬೇಕು. ಕೊನೆಗೆ ಅಧಿಕಾರಿ ಏನೂ ಆಗಿಲ್ಲವೆಂಬಂತೆ ಪಾಸ್‌ಪೋರ್ಟಿಗೆ ಮುದ್ರೆ ಒತ್ತಿ ಸ್ವಾಗತ ಹೇಳುತ್ತಾರೆ. ಆ ಹೊತ್ತಿಗೆ ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಾರದಂತಾಗಿದ್ದಾರೆ. ವೀಸಾ ಉಳಿಯಿತು. ದಾಂಪತ್ಯ ಉಳಿಯಿತೋ ಇಲ್ಲವೋ ನಮಗೆ ತಿಳಿಯುವುದಿಲ್ಲ. ಹಾಸ್ಯಚಿತ್ರಗಳಲ್ಲಿ ವಿಚಾರಣೆ ಪ್ರೀತಿಯನ್ನು ಹುಟ್ಟಿಸಿತ್ತು. ಇಲ್ಲಿ ಇದ್ದ ಪ್ರೀತಿಯನ್ನು ವಿಚಾರಣೆ ತಿಂದುಹಾಕುತ್ತದೆ. ನಮ್ಮ ಅನುಭವಕ್ಕೆ ಹತ್ತಿರವಾದದ್ದು ಇದೇ.

ಆದರೂ ಈ ಚಿತ್ರಕ್ಕೆ ಒಂದು ಮಿತಿಯಿದೆ. ಇಲ್ಲಿ ಪ್ರಶ್ನೆ ಕೇಳುವವರಾದರೂ ಎದುರಿಗೆ ಇದ್ದಾರೆ. ಎಷ್ಟೋ ದಂಪತಿಗಳಿಗೆ ಅಷ್ಟೂ ಸಿಗುವುದಿಲ್ಲ. ಫೌಜಿಯಾ ದಿನ್ ಎಂಬ ಅಮೆರಿಕದ ಪ್ರಜೆ 2006ರಲ್ಲಿ ಅಫಘಾನಿಸ್ತಾನದ ಕನಿಷ್ಕ ಬೆರಷ್ಕ್ ಅವರನ್ನು ಮದುವೆಯಾದರು. ಆತ ತಾಲಿಬಾನ್ ಆಡಳಿತದ ಕಾಲದಲ್ಲೂ ಸರ್ಕಾರಿ ಇಲಾಖೆಯೊಂದರಲ್ಲಿ ಗುಮಾಸ್ತರಾಗಿದ್ದವರು. 2009ರಲ್ಲಿ, ಭಯೋತ್ಪಾದನೆಗೆ ಸಂಬಂಧಿಸಿದ ಒಂದು ಕಲಮನ್ನು ಹೆಸರಿಸಿ ವೀಸಾ ನಿರಾಕರಿಸಿದರು. ಆತ ಮಾಡಿದ್ದೇನೆಂದು ಹೇಳಲಿಲ್ಲ. ಹೆಂಡತಿ ಸುಪ್ರೀಂ ಕೋರ್ಟಿನವರೆಗೆ ಹೋದರು. 2015ರಲ್ಲಿ ಐದಕ್ಕೆ ನಾಲ್ಕರ ಬಹುಮತದಲ್ಲಿ ಸೋತರು. ಹೆಚ್ಚಿನ ವಿವರಣೆ ಕೊಡುವ ಹೊಣೆ ಸರ್ಕಾರಕ್ಕಿಲ್ಲ ಎಂಬುದು ಆ ತೀರ್ಪಿನ ಫಲ. ಏಳು ದೇಶಗಳ ಮೇಲಿನ ಪ್ರಯಾಣ ನಿಷೇಧವನ್ನು 2018ರಲ್ಲಿ ಅದೇ ನ್ಯಾಯಾಲಯ ಎತ್ತಿಹಿಡಿದಾಗ ದಿನ್ ಪ್ರಕರಣದ ಒಂದು ಅಭಿಪ್ರಾಯವೂ ಆಸರೆಯಾಯಿತು. ಆ ಏಳರಲ್ಲಿ ಐದು ಮುಸ್ಲಿಮ್ ಬಹುಸಂಖ್ಯಾತ ದೇಶಗಳು. ಸಾಂಡ್ರಾ ಮುನ್ಯೋಸ್ ಪ್ರಕರಣದಲ್ಲಿ ಹೊರಗೆ ಉಳಿದ ಗಂಡ ಎಲ್ ಸಾಲ್ವಡಾರ್ ದೇಶದವರು. ಮೈಮೇಲಿನ ಹಚ್ಚೆಗಳಿಂದ ಅವರ ಮೇಲೆ ಗ್ಯಾಂಗಿನ ಸಂಶಯ ಬಂದಿತ್ತು. 2024ರ ಜೂನ್‌ನಲ್ಲಿ ಆರಕ್ಕೆ ಮೂರರ ಬಹುಮತದ ತೀರ್ಪು ಇನ್ನೂ ಸ್ಪಷ್ಟವಾಗಿ ಹೇಳಿತು: ವಿದೇಶಿ ಸಂಗಾತಿಯನ್ನು ದೇಶದೊಳಗೆ ಬಿಡಬೇಕೆಂದು ಕೇಳುವುದು ಪ್ರಜೆಯ ಮೂಲಭೂತ ಹಕ್ಕಲ್ಲ. ಮದುವೆಯಾಗುವ ಹಕ್ಕಿದೆ, ಒಟ್ಟಿಗೆ ಬಾಳುವ ಊರಿನ ಹಕ್ಕಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಬರಹ ಏಕಪಕ್ಷೀಯವಾದೀತು. ವಂಚನೆ ಇದೆ. ಹಣಕ್ಕೆ ಮದುವೆ ಮಾಡಿಸಿಕೊಡುವ ದಲ್ಲಾಳಿಗಳು ಇದ್ದಾರೆ. ವಿದೇಶದಲ್ಲಿ ಒಂದು ಸಂಸಾರ ಇಟ್ಟುಕೊಂಡು ಇಲ್ಲಿ ಬಂದು ಇನ್ನೊಂದು ಮದುವೆಯಾಗಿ, ವರದಕ್ಷಿಣೆ ಎತ್ತಿಕೊಂಡು ಹೋದವರ ಕಥೆ ನಮ್ಮ ಓದುಗರಿಗೆ ಹೊಸದಲ್ಲ. ಅಂಥ ಕಡೆ ಯಾರಾದರೂ ಸರಿಯಾಗಿ ವಿಚಾರಿಸಿದ್ದರೆ ಒಬ್ಬ ಹೆಣ್ಣುಮಗಳ ಬಾಳು ಉಳಿಯುತ್ತಿತ್ತು. ನಮ್ಮ ಕರಾವಳಿಯ ಮಾತುಕತೆಗಳಲ್ಲಿ ಒಂದು ಕಾಲಕ್ಕೆ ಗಲ್ಫ್ ವೀಸಾವೇ ವರದಕ್ಷಿಣೆಯ ಬಾಬತ್ತಾಗಿತ್ತು ಎಂಬುದನ್ನೂ ನಾವು ಮುಚ್ಚಿಡಬಾರದು. ಹುಡುಗನಿಗೆ ಒಂದು ವೀಸಾ ಮಾಡಿಸಿಕೊಡಿ ಎಂದು ಹೆಣ್ಣಿನ ತಂದೆಯ ಮುಂದೆ ಕೈಚಾಚಿದವರು ನಾವೇ. ಮದುವೆಯನ್ನೂ ವೀಸಾವನ್ನೂ ಒಂದೇ ತಕ್ಕಡಿಗೆ ಹಾಕುವುದನ್ನು ನಮಗೆ ಯಾವ ವಿದೇಶಿ ಅಧಿಕಾರಿಯೂ ಕಲಿಸಲಿಲ್ಲ.

ಆದರೆ ಈ ಕಾನೂನುಗಳು ಹೆಣ್ಣನ್ನು ಕಾಯುತ್ತವೆಯೇ ಎಂದು ಕೇಳಿದರೆ ಉತ್ತರ ತಿರುವುಮುರುವು. ಎರಡು ವರ್ಷದ ಷರತ್ತಿನ ಅರ್ಜಿಗೆ ಇಬ್ಬರ ಸಹಿಯೂ ಬೇಕು. ಅಂದರೆ ಹೊಡೆಯುವ ಗಂಡನ ಕೈಯಲ್ಲೇ ಹೆಂಡತಿಯ ವಾಸದ ಹಕ್ಕು. ಗಾಯ ತೋರಿಸಿದರೆ ಗಡಿಪಾರು, ಸುಮ್ಮನಿದ್ದರೆ ಸಂಸಾರ. ಈ ಅನ್ಯಾಯ ಕಂಡ ಮೇಲೆ 1990ರಲ್ಲಿ ಅಲ್ಲಿನ ಕಾನೂನು ಪೀಡಿತ ಸಂಗಾತಿಗೆ ಒಬ್ಬಳೇ ಅರ್ಜಿ ಹಾಕುವ ದಾರಿ ತೆರೆಯಿತು, 1994ರಲ್ಲಿ ಅದನ್ನು ಇನ್ನಷ್ಟು ವಿಸ್ತರಿಸಿತು. ಕನ್ನಡದ ಎಷ್ಟೋ ಎಂಜಿನಿಯರ್ ಹೆಣ್ಣುಮಕ್ಕಳು ಎಚ್-4 ಎಂಬ ಅವಲಂಬಿತ ವೀಸಾದಲ್ಲಿ ಗಂಡನ ಜೊತೆ ಹೋಗಿ, ಪದವಿ ಪತ್ರವನ್ನು ಪೆಟ್ಟಿಗೆಯಲ್ಲಿಟ್ಟು ಕೂತವರು. ಅವರಲ್ಲಿ ಕೆಲವರಿಗೆ ದುಡಿಯುವ ಅನುಮತಿ ಸಿಕ್ಕಿದ್ದು 2015ರಲ್ಲಿ. ಅಧಿಕಾರಿ ಕೇಳಬೇಕಾದ ಪ್ರಶ್ನೆಗಳು ಬೇರೆಯೇ ಇದ್ದವು: ನಿನ್ನ ಒಪ್ಪಿಗೆ ಇತ್ತೇ? ಪಾಸ್‌ಪೋರ್ಟ್ ನಿನ್ನ ಕೈಯಲ್ಲಿದೆಯೇ? ಕಷ್ಟ ಬಂದರೆ ಯಾರಿಗೆ ಫೋನ್ ಮಾಡುತ್ತೀ? ಕ್ರೀಮಿನ ಹೆಸರಿನಿಂದ ಇದಾವುದೂ ತಿಳಿಯುವುದಿಲ್ಲ.

ದೂರದ ದೇಶಗಳನ್ನು ದೂರುತ್ತಾ ನಮ್ಮ ಹಿತ್ತಲನ್ನು ಮರೆಯುವುದೂ ಸರಿಯಲ್ಲ. ಭಾರತವೂ ಒಂದು ವೀಸಾ ಕಚೇರಿಯೇ. ಭಾರತೀಯರನ್ನು ಮದುವೆಯಾದ ವಿದೇಶಿಯರು ಪೌರತ್ವಕ್ಕೆ ಅರ್ಜಿ ಹಾಕಲು ಏಳು ವರ್ಷ ಇಲ್ಲಿ ವಾಸವಿರಬೇಕು. ದೇಶ ವಿಭಜನೆಯಾದ ಮೇಲೆ ಭಟ್ಕಳದ ನವಾಯತ ಬಂಧುಬಳಗದ ಒಂದು ಭಾಗ ಕರಾಚಿಯಲ್ಲಿ ಉಳಿಯಿತು. ಬಂಧುತ್ವ ಉಳಿದ ಕಡೆ ಮದುವೆಯ ಸಂಬಂಧವೂ ಉಳಿಯಿತು. ಹಾಗೆ ಸೊಸೆಯಾಗಿ ಬಂದವರು ದೀರ್ಘಾವಧಿ ವೀಸಾದಲ್ಲಿ, ನವೀಕರಣದ ದಿನಾಂಕವನ್ನು ಎಣಿಸುತ್ತಾ ಬಾಳುತ್ತಾರೆ. 2025ರ ಏಪ್ರಿಲ್ 22ರಂದು ಪಹಲ್ಗಾಮಿನಲ್ಲಿ ಅಮಾಯಕ ಪ್ರವಾಸಿಗಳ ಹತ್ಯೆಯಾದ ಮೇಲೆ ಪಾಕಿಸ್ತಾನಿ ಪ್ರಜೆಗಳ ವೀಸಾಗಳನ್ನು ರದ್ದುಪಡಿಸಲಾಯಿತು. ದೀರ್ಘಾವಧಿ ವೀಸಾಕ್ಕೆ ವಿನಾಯಿತಿ ಇತ್ತು. ಆದರೆ ಅಟಾರಿ ಗಡಿಯಲ್ಲಿ ತಾಯಿಯದು ಒಂದು ಪಾಸ್‌ಪೋರ್ಟ್, ಮಕ್ಕಳದು ಇನ್ನೊಂದು ಎಂಬ ಕಾರಣಕ್ಕೆ ಬೇರೆಯಾಗಿ ನಿಂತ ಕುಟುಂಬಗಳನ್ನು ದೇಶವೇ ನೋಡಿತು. ಕೊಲೆಗಡುಕರ ಅಪರಾಧಕ್ಕೆ ಕ್ಷಮೆಯಿಲ್ಲ. ಆ ಮಕ್ಕಳ ಅಪರಾಧ ಯಾವುದು ಎಂಬ ಪ್ರಶ್ನೆಯೂ ಹಾಗೇ ಉಳಿಯುತ್ತದೆ.

ಕಾಗದದ ವಿಷಯದಲ್ಲಿ ಸಮುದಾಯವೂ ಎಚ್ಚರಗೊಳ್ಳಬೇಕಾಗಿದೆ. ಮುಸ್ಲಿಮ್ ದಂಪತಿಗಳಿಗೆ ವಿವಾಹ ಪ್ರಮಾಣಪತ್ರ ನೀಡುವ ಅಧಿಕಾರವನ್ನು ರಾಜ್ಯ ಸರ್ಕಾರ 2023ರಲ್ಲಿ ವಕ್ಫ್ ಮಂಡಳಿಗೆ ಕೊಟ್ಟಿತು. 2024ರ ನವೆಂಬರ್‌ನಲ್ಲಿ ಹೈಕೋರ್ಟ್ ಆ ಆದೇಶಕ್ಕೆ ತಡೆ ನೀಡಿತು. ವಾದವಿವಾದ ಏನೇ ಇರಲಿ, ರಾಜ್ಯದ 1976ರ ವಿವಾಹ ನೋಂದಣಿ ಕಾಯಿದೆ ಎಲ್ಲರಿಗೂ ತೆರೆದಿದೆ. ಜಮಾಅತಿನ ನಿಕಾಹ್ ದಫ್ತರದಲ್ಲಿ ಒಂದು ಹೆಸರು, ಆಧಾರ್ ಕಾರ್ಡಿನಲ್ಲಿ ಇನ್ನೊಂದು, ಶಾಲೆಯ ಪತ್ರದಲ್ಲಿ ಮತ್ತೊಂದು ಎಂಬ ಉದಾಸೀನಕ್ಕೆ ಬೆಲೆ ತೆರುವವಳು ಮದುಮಗಳು. ಮದುವೆಯ ದಿನ ಬಿರಿಯಾನಿಗೆ ತೋರಿಸುವ ಕಾಳಜಿಯ ಹತ್ತರಲ್ಲೊಂದು ಪಾಲನ್ನು ಆ ದಫ್ತರಕ್ಕೂ ತೋರಿಸಿದರೆ ಒಳ್ಳೆಯದು.

ಕೊನೆಯದಾಗಿ ನಮ್ಮ ಸಾಹಿತ್ಯ, ಸಿನಿಮಾದ ಮಾತು. ನಾಗತಿಹಳ್ಳಿ ಚಂದ್ರಶೇಖರ ಅವರ 'ಅಮೆರಿಕಾ ಅಮೆರಿಕಾ' ಮದುವೆಯಾಗಿ ಅಮೆರಿಕಕ್ಕೆ ಹೋದ ಹೆಣ್ಣಿನ ಕಥೆಯನ್ನು ಕನ್ನಡಕ್ಕೆ ತಂದ ಚಿತ್ರ. ಅದರ ಕಾಳಜಿ ಇದ್ದದ್ದು ತಾಯ್ನೆಲ ಮತ್ತು ಹೊರನಾಡುಗಳ ನಡುವೆ ತುಯ್ಯುವ ಮನಸ್ಸಿನ ಕುರಿತು. ವೀಸಾ ಅದರ ವಸ್ತುವಾಗಿರಲಿಲ್ಲ, ಆಗಬೇಕೆಂದೂ ಇರಲಿಲ್ಲ. ಆದರೆ ಅಲ್ಲಿಂದ ಸುಮಾರು ಮೂರು ದಶಕ ಕಳೆದಿವೆ. ಮದುವೆಗೂ ವಿಮಾನಕ್ಕೂ ನಡುವಿನ ಆ ಒಂದೆರಡು ವರ್ಷ, ತವರಿನಲ್ಲಿ ಅತಿಥಿಯಂತೆ ಅತ್ತೆಮನೆಯಲ್ಲಿ ಅಪರಿಚಿತಳಂತೆ ಕಳೆಯುವ ಆ ಕಾಲ, ನಮ್ಮ ಕಥೆಗಾರರಿಗೆ ಇನ್ನೂ ಕಂಡಂತಿಲ್ಲ. ಯಾವಾಗ ಹೋಗುತ್ತೀ ಎಂದು ದಿನವೂ ಕೇಳುವ ನೆರೆಹೊರೆಗೆ ಉತ್ತರ ಕೊಟ್ಟು ಸೋತ ಹುಡುಗಿ ನಮ್ಮ ಪಕ್ಕದ ಮನೆಯಲ್ಲೇ ಇದ್ದಾಳೆ. ಅವಳ ಕಥೆಯನ್ನು ಅಧಿಕಾರಿಯ ಕಡತಕ್ಕೆ ಮಾತ್ರ ಬರೆಯಬೇಕಾಗಿ ಬಂದಿದೆ.

ನಿಕಾಹ್‌ಗೆ ಇಬ್ಬರ ಒಪ್ಪಿಗೆ, ಮಹರ್, ಇಬ್ಬರು ಸಾಕ್ಷಿಗಳು ಸಾಕು. ಹಿಂದೂ ಮದುವೆಯಲ್ಲಿ ಅಗ್ನಿ ಸಾಕ್ಷಿ, ಬಂಧುಬಳಗ ಸಾಕ್ಷಿ. ಈ ಸಾಕ್ಷಿಗಳು ಮದುವೆಯ ದಿನ ಅಲ್ಲಿ ಇದ್ದವರು, ನಾಳೆ ಜಗಳವಾದರೆ ಬಂದು ಕೂರುವವರು. ಗಾಜಿನ ಆಚೆ ಕೂತ ಮೂರನೆಯ ಸಾಕ್ಷಿ ಮದುವೆಗೆ ಬಂದವನಲ್ಲ, ನಾಳೆಯೂ ಸಿಗುವವನಲ್ಲ. ಗಡಿಗಳು ಇರುವ ತನಕ ಅವನೂ ಇರುತ್ತಾನೆ. ಆದರೆ ಅವನ ಕಣ್ಣಿನಿಂದಲೇ ನಮ್ಮ ಮಕ್ಕಳ ದಾಂಪತ್ಯವನ್ನು ನೋಡಲು ನಾವು ಕಲಿಯಬಾರದು. ವೀಸಾ ತಿರಸ್ಕಾರವಾಗಿ ಬಂದ ಹುಡುಗಿಯನ್ನು ನೋಡಿ, ಏನೋ ದೋಷವಿದ್ದಿರಬೇಕು ಎಂದು ಪಿಸುಗುಟ್ಟುವ ಮೊದಲು, ಅವಳ ಮದುವೆಯಲ್ಲಿ ನಾವೂ ಊಟ ಮಾಡಿದ್ದೆವು ಎಂಬುದನ್ನು ನೆನೆದರೆ ಸಾಕು.